ಪಂಪ್‌ಹೌಸಿನ ಬಾಗಿಲಲ್ಲಿ ಬೂಟು

೧೯೬೪ರ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಇಂಗ್ಲೆಂಡಿನ ಉತ್ತರ ಭಾಗದ ಒಂದು ಗಿರಣಿ ಊರಿನ ಸಾರ್ವಜನಿಕ ಉದ್ಯಾನದಲ್ಲಿ, ನೀರೆತ್ತುವ ಯಂತ್ರದ ಹಳೆಯ ಮನೆಯೊಂದರ ಬಾಗಿಲಲ್ಲಿ ನಾನು ಬೂಟು ಕಳಚಿಟ್ಟು ಒಳಗೆ ಹೋದೆ.

ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಈ ಒಂದು ವಾಕ್ಯದಲ್ಲಿ ಉತ್ತರವಿದೆ. ನಮ್ಮ ಪತ್ರಿಕೆಗೆ ಹೊಸದಾಗಿ ಬರುವ ವರದಿಗಾರರಿಗೆ ನಾನು ಕಲಿಸುವುದೂ ಇದನ್ನೇ. ಐದನೆಯ ಪ್ರಶ್ನೆ 'ಏಕೆ' ಎಂಬುದು. ಅದನ್ನು ಅವತ್ತು ಅಲ್ಲಿ ಯಾರೂ ಕೇಳಲಿಲ್ಲ. ಆರು ತಿಂಗಳ ಮೇಲೆ ಜಯನಗರದಲ್ಲಿ ಕೇಳಿದರು.

ಹೊರಡುವ ಮೊದಲು

ಬೆಂಗಳೂರಿನ ಜಯನಗರದಲ್ಲಿ ನಮ್ಮ ಬ್ಲಾಕಿನ ಪಾರ್ಕು ಪಾರ್ಕಾಗುವ ಮೊದಲು ತೋಟವಾಗಿತ್ತು. ತೋಟದಲ್ಲೊಂದು ಬಾವಿ. ಅದನ್ನು ತೋಡಿಸಿದವರು ತೋಟದ ಒಡೆಯರಾಗಿದ್ದ ಮುನಿಯಪ್ಪನವರ ತಾತ. ಬಡಾವಣೆ ಬಂದಾಗ ತೋಟ ಸರ್ಕಾರಕ್ಕೆ ಹೋಯಿತು. ಮುನಿಯಪ್ಪನವರ ಮನೆತನಕ್ಕೆ ಒಂದಷ್ಟು ಪರಿಹಾರವೂ, ಬಡಾವಣೆಯವರನ್ನು ಕುರಿತು ಆಡಿಕೊಳ್ಳಲು ಒಂದು ಶಾಶ್ವತ ವಿಷಯವೂ ಸಿಕ್ಕಿದವು. ಬಾವಿಯ ಪಕ್ಕಕ್ಕೆ ಇಟ್ಟಿಗೆಯ ಪಂಪ್‌ಹೌಸ್ ಬಂತು: ಕಮಾನಿನ ಬಾಗಿಲು, ಎತ್ತರದ ಮಾಡು, ಉತ್ತರದ ಗೋಡೆಯಲ್ಲಿ ಒಂದು ದುಂಡು ಕಿಟಕಿ. ಮುಂದೆ ಮನೆಮನೆಗೆ ನಲ್ಲಿ ಬಂದ ಮೇಲೆ ಪಂಪನ್ನು ಬಿಚ್ಚಿಕೊಂಡು ಹೋದರು. ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದರು. ನಲ್ಲಿ ಬಂದಷ್ಟು ಖಚಿತವಾಗಿ ನೀರು ಬರಲಿಲ್ಲ ಎಂಬುದು ಬೇರೆ ವರದಿಯ ವಿಷಯ.

ಕಟ್ಟಡ ಖಾಲಿ ಉಳಿಯಿತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬರು ಮುನಿಯಪ್ಪನವರು. ಇನ್ನೊಬ್ಬರು ನನ್ನ ಎದುರು ಮನೆಯ ನಂಜುಂಡಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಮೂವತ್ತು ವರ್ಷ ಹುಡುಗರಿಗೆ ಹೂಜಿ ಮತ್ತು ಮಾವಿನಕಾಯಿ ಬರೆಸಿದ ಮನುಷ್ಯ, ಭಾನುವಾರಗಳಲ್ಲಿ ಸೈಕಲ್ ಹತ್ತಿ ಹೊಸಕೆರೆಹಳ್ಳಿ ಕೆರೆ, ಜರಗನಹಳ್ಳಿ ಹೊಲ, ಬಂಡೆ, ಎಮ್ಮೆ, ಬೀದಿ ನಲ್ಲಿಯ ಮುಂದೆ ನಿಂತ ಹೆಂಗಸರು ಇವನ್ನೆಲ್ಲ ಬಣ್ಣದಲ್ಲಿ ಬರೆಯುತ್ತಿದ್ದರು. ಬರೆದದ್ದು ಅಟ್ಟ ಸೇರುತ್ತಿತ್ತು. ಬಣ್ಣದಲ್ಲಿ ಗೋಂದು ಇರುತ್ತದೆ. ಗೋಂದನ್ನು ಜಿರಲೆ ತಿನ್ನುತ್ತದೆ.

"ನನ್ನ ಕಲೆಗೆ ರಸಿಕರಿಲ್ಲ ಅಂತ ಯಾರು ಹೇಳಿದ್ದು?" ಎಂದು ಅವರು ಅಂಚು ಹರಿದ ಒಂದು ಕೆರೆಯನ್ನು ನನಗೆ ತೋರಿಸಿದ್ದರು. "ನೀಲಿ ಅಂದ್ರೆ ಪ್ರಾಣ ಅವಕ್ಕೆ. ಹಸಿರು ಅಷ್ಟಾಗಿ ಮುಟ್ಟಲ್ಲ."

ಮೇಷ್ಟ್ರಿಗೆ ಬೇಕಾಗಿದ್ದದ್ದು ಪಂಪ್‌ಹೌಸಿನ ಗೋಡೆಗಳು ಮತ್ತು ಉತ್ತರದ ಕಿಟಕಿಯ ಬೆಳಕು. ಅದನ್ನೊಂದು ಚಿತ್ರಶಾಲೆ ಮಾಡಬೇಕೆಂದು ನಮ್ಮ ನಿವಾಸಿಗಳ ಸಂಘಕ್ಕೆ ಬರೆದುಕೊಟ್ಟರು. ಸಂಘದ ಅಧ್ಯಕ್ಷರು ಶ್ರೀಕಂಠಯ್ಯನವರು, ನಿವೃತ್ತ ಇಂಜಿನಿಯರು. ತಮ್ಮ ಸರ್ವೀಸಿನಲ್ಲಿ ಅವರು ಹಿಂದೆ ಯಾರೂ ಮಾಡದ ಒಂದು ಕೆಲಸವನ್ನೂ ಮಾಡಿದವರಲ್ಲ. ಆದ್ದರಿಂದಲೇ ತೊಂದರೆಯಿಲ್ಲದೆ ನಿವೃತ್ತರಾದರು ಎಂದು ಅವರೇ ಹೇಳುತ್ತಿದ್ದರು.

"ಪ್ರಿಸಿಡೆಂಟ್ ಇದೆಯೇನ್ರೀ ಮೇಷ್ಟ್ರೇ, ಹಿಂದೆ ನಡೆದ ನಿದರ್ಶನ? ಪಂಪ್‌ಹೌಸಲ್ಲಿ ಚಿತ್ರ ತೂಗುಹಾಕಿದ್ದು ಎಲ್ಲಾದ್ರೂ ಇದೆಯಾ? ಇದ್ರೆ ತೋರಿಸಿ, ನಾಳೇನೇ ಬೀಗದ ಕೈ ಕೊಡ್ತೀನಿ. ಇಲ್ದೇ ಇದ್ರೆ ನಾವ್ಯಾಕ್ರೀ ಮೊದಲು ಮಾಡ್ಬೇಕು?"

ಅದೇ ತಿಂಗಳು ನನಗೆ ವಿದೇಶ ಪ್ರವಾಸ ಗೊತ್ತಾಯಿತು. ಇಂಗ್ಲೆಂಡಿನ ಒಂದು ಊರಿನ ಪತ್ರಿಕೆಯಲ್ಲಿ ಕೂತು ಅವರು ಕೆಲಸ ಮಾಡುವ ರೀತಿಯನ್ನು ನೋಡಿಕೊಂಡು ಬರಬೇಕು. ನೆಂಟರು ಗಡಿಯಾರ ಕೇಳಿದರು, ಪೆನ್ನು ಕೇಳಿದರು. ಮೇಷ್ಟ್ರು ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ್ದು ಇಷ್ಟು:

"ಅಲ್ಲಿ ಎಲ್ಲಾದ್ರೂ ಇಂಥದ್ದು ಕಣ್ಣಿಗೆ ಬಿದ್ರೆ ಒಂದು ಫೋಟೋ ತನ್ನಿ. ಒಂದೇ ಸಾಕು. ನಾನು ರಿಟೈರ್ ಆಗೋದ್ರೊಳಗೆ ಒಂದು ಸಲ ನಾಲ್ಕು ಜನ ನಿಂತು ನೋಡ್ಬೇಕು ಸ್ವಾಮಿ. ಹೊಗಳೋದೇನೂ ಬೇಡ. ನಿಂತ್ರೆ ಸಾಕು."

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದಾಗ ನನ್ನ ಕಾಲಲ್ಲಿ ಹೊಸ ಬೂಟುಗಳಿದ್ದವು. ಗಾಂಧಿಬಜಾರಿನಲ್ಲಿ ಕೊಂಡವು. ಅಂಗಡಿಯವನು "ಹಾಕ್ತಾ ಹಾಕ್ತಾ ಸರಿಹೋಗತ್ತೆ ಸಾರ್" ಎಂದಿದ್ದ. ಸೂಯೆಜ್ ಕಾಲುವೆಯವರೆಗೂ ಸರಿಹೋಗಲಿಲ್ಲ.

ಸಮುದ್ರದ ಮೇಲಿನ ಸೂರ್ಯೋದಯವನ್ನು ಹಿಂದೆ ಹೋಗಿಬಂದವರೆಲ್ಲ ವರ್ಣಿಸಿದ್ದಾರೆ. ನಾನು ನೋಡಿದ್ದು ಅದಕ್ಕಿಂತ ಭಿನ್ನವಾಗಿರಲಿಲ್ಲ. ವರದಿಗೆ ಯೋಗ್ಯವಾದದ್ದು ಒಂದೇ. ಮೊದಲ ರಾತ್ರಿ ಮನೆಯ ರೂಢಿಯಂತೆ ಬೂಟುಗಳನ್ನು ಕ್ಯಾಬಿನ್ನಿನ ಬಾಗಿಲ ಹೊರಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ಅವು ಅಲ್ಲೇ ಇದ್ದವು, ಆದರೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಆ ಹಡಗಿನಲ್ಲಿ ಬೂಟು ಬಾಗಿಲ ಹೊರಗಿದ್ದರೆ ಪಾಲಿಶ್ ಮಾಡಿ ಎಂದು ಅರ್ಥವಂತೆ. ಎರಡನೆಯ ದಿನ ಒಳಗೇ ಇಟ್ಟುಕೊಂಡೆ. ನಮ್ಮ ಕ್ಯಾಬಿನ್ನುಗಳನ್ನು ನೋಡಿಕೊಳ್ಳುವ ಸ್ಟುವರ್ಡ್, ಗೋವೆಯವನು, ಬಂದು ಬಾಗಿಲು ತಟ್ಟಿದ. ನಿನ್ನೆಯ ಪಾಲಿಶ್ ಸಾಹೇಬರಿಗೆ ಒಪ್ಪಿಗೆಯಾಗಲಿಲ್ಲವೇ ಎಂದು ಕೇಳಿದ. ಅವನ ಮನಸ್ಸು ನೋಯಿಸಬಾರದೆಂದು ಮತ್ತೆ ಹೊರಗಿಟ್ಟೆ. ಹೀಗೆ ಇಂಗ್ಲೆಂಡ್ ಮುಟ್ಟುವ ಹೊತ್ತಿಗೆ ನನ್ನ ಬೂಟುಗಳು ನನಗಿಂತ ಹೆಚ್ಚು ಮರ್ಯಾದಸ್ಥರಂತೆ ಕಾಣುತ್ತಿದ್ದವು.

ಮಿಸೆಸ್ ಹಾರ್ಟ್ಲಿಯ ಮನೆ

ಆ ಊರಿನ ಹೆಸರನ್ನು ಬರೆಯುತ್ತಿಲ್ಲ. ಅಲ್ಲಿನ ಜನ ಕನ್ನಡ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದು ಸಿಕ್ಕಿಬಿದ್ದವರನ್ನು ನಾನು ಕಂಡಿದ್ದೇನೆ. ಊರಿನ ತುಂಬ ಬಟ್ಟೆ ಗಿರಣಿಗಳ ಚಿಮಣಿಗಳು, ಮಸಿ ಹಿಡಿದ ಕಲ್ಲಿನ ಮನೆಗಳ ಸಾಲು. ಒಂದೊಂದು ಮನೆಗೂ ಪಕ್ಕದ ಮನೆಯ ಗೋಡೆಯೇ ಆಸರೆ. ನಡುವೆ ಎರಡಾಳು ನಡೆಯುವಷ್ಟೂ ಜಾಗ ಬಿಡದ ಈ ಜನ, ನಮ್ಮ ಬಡಾವಣೆಯ ರಸ್ತೆಗಳ ಅಗಲ ಹೇಳಿದರೆ ನಂಬಲಿಲ್ಲ. ಅಷ್ಟು ಅಗಲದ ರಸ್ತೆಯಲ್ಲಿ ಏನು ಹೋಗುತ್ತದೆ ಎಂದು ಕೇಳಿದರು. ಸೈಕಲ್ಲು ಮತ್ತು ಹಸು ಎಂದೆ.

ನಾನು ಇಳಿದುಕೊಂಡದ್ದು ಮಿಸೆಸ್ ಹಾರ್ಟ್ಲಿ ಎಂಬ ವಿಧವೆಯ ಮನೆಯಲ್ಲಿ. ಅರವತ್ತು ದಾಟಿದ ಹೆಂಗಸು. ಆ ಭಾಗದಲ್ಲಿ ಹೆಂಗಸರು ಕಂಡವರನ್ನೆಲ್ಲ 'ಲವ್' ಎಂದು ಕರೆಯುತ್ತಾರೆ. ಹಾಲಿನವನು ಲವ್, ಬಸ್ ಕಂಡಕ್ಟರು ಲವ್, ಬಾಗಿಲಲ್ಲಿ ನಿಂತ ನಾನೂ ಲವ್. ನಮ್ಮಲ್ಲಿ ಅಣ್ಣ ಎನ್ನುವ ಹಾಗೆ ಎಂದು ತಿಳಿದುಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಆ ವಾರ ಮನೆಗೆ ಬರೆದ ಕಾಗದದಲ್ಲಿ ಈ ವಿಷಯವನ್ನು ಕೈಬಿಟ್ಟಿದ್ದೇನೆ.

ಮೊದಲ ದಿನ ಅವಳ ಮನೆಯ ಮೆಟ್ಟಿಲ ಮೇಲೆ ಬೂಟು ಬಿಟ್ಟು ಒಳಗೆ ಹೋದೆ. ಚಹಾ ತಂದವಳು ನನ್ನ ಕಾಲ್ಚೀಲ ನೋಡಿದಳು, ಬಾಗಿಲ ಕಡೆ ನೋಡಿದಳು, ಚಹಾ ಅಲ್ಲೇ ಇಟ್ಟು ಓಡಿಹೋಗಿ ಬೂಟುಗಳನ್ನು ಎತ್ತಿಕೊಂಡು ಬಂದಳು.

"ಮಳೆ ಬರುತ್ತಾ?" ಎಂದು ಕೇಳಿದೆ.

"ಮಳೆ ಅಲ್ಲ ಲವ್. ನಾನು ಒಂಟಿ ಹೆಂಗಸು. ಬಾಗಿಲ ಹೊರಗೆ ಗಂಡಸಿನ ಬೂಟು ಕಂಡರೆ ಬೀದಿಯವರು ಏನಂದುಕೊಳ್ಳುತ್ತಾರೆ? ಅದೂ ಇಷ್ಟು ಪಾಲಿಶ್ ಮಾಡಿರೋ ಬೂಟು!"

ಪಾರ್ಕು

ಪಂಪ್‌ಹೌಸನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಮಿಸೆಸ್ ಹಾರ್ಟ್ಲಿಯ ಅಡುಗೆಯಲ್ಲಿ ನನಗೆ ಒಗ್ಗುವುದು ಬೇಯಿಸಿದ ಆಲೂಗಡ್ಡೆ ಒಂದೇ ಆಗಿದ್ದರಿಂದ, ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ತಪ್ಪಿಸಿಕೊಂಡು ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದೆ. ಅಲ್ಲಿಯ ಪಾರ್ಕಿನಲ್ಲಿ ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಬೋರ್ಡು ಇದೆ, ಜನ ನಡೆಯುವುದಿಲ್ಲ. ನಮ್ಮ ಪಾರ್ಕಿನಲ್ಲಿ ಬೋರ್ಡೂ ಇದೆ, ನಡೆಯುವವರೂ ಇದ್ದಾರೆ, ಇಲ್ಲದ್ದು ಹುಲ್ಲು.

ಬೆಂಚಿನ ಎದುರಿಗೇ ಇಟ್ಟಿಗೆಯ ಕಟ್ಟಡ. ಕಮಾನಿನ ಬಾಗಿಲು, ಎತ್ತರದ ಮಾಡು, ದುಂಡು ಕಿಟಕಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೆರೆಯ ನೀರನ್ನು ಕಾರಂಜಿಗೆ ಎತ್ತಲು ಕಟ್ಟಿದ್ದು. ಬಾಗಿಲ ನೆತ್ತಿಯ ಮೇಲೆ ಹೊಸ ಬೋರ್ಡು: ಪಂಪ್‌ಹೌಸ್ ಆರ್ಟ್ ಗ್ಯಾಲರಿ. ನನ್ನ ಕೈಯಲ್ಲಿ ಅರ್ಧ ಬಾಳೆಹಣ್ಣು ಉಳಿಯಿತು.

ಬಾಗಿಲು ತೆರೆದಿತ್ತು. ಒಳಗೆ ಮಬ್ಬು. ಕೆಲವರು ಗೋಡೆಯ ಕಡೆ ಮುಖ ಮಾಡಿ, ಮಾತಿಲ್ಲದೆ, ತಲೆ ಸ್ವಲ್ಪ ಬಾಗಿಸಿ ನಿಂತಿದ್ದರು. ನಡುಮಧ್ಯೆ ಕಲ್ಲಿನ ಪೀಠದ ಮೇಲೆ ಹಳೆಯ ಪಂಪು, ಅದಕ್ಕೆ ಹಸಿರು ಬಣ್ಣ, ಸುತ್ತ ಹಗ್ಗದ ಕಟಕಟೆ. ಅದರ ಹಿತ್ತಾಳೆಯ ಒತ್ತಡಮಾಪಕ ಕಿಟಕಿಯ ಬೆಳಕಿಗೆ ಮಿನುಗುತ್ತಿತ್ತು. ನೆಲ ಮರದ್ದು, ಉಜ್ಜಿ ಉಜ್ಜಿ ಹೊಳಪು ಬಂದದ್ದು. ನಾನು ಬೂಟು ಬಿಟ್ಟೆ, ಒಳಗೆ ಹೋದೆ, ಪಂಪನ್ನು ಒಂದು ಸುತ್ತು ಬಂದೆ, ಆಮೇಲೆ ಚಿತ್ರಗಳನ್ನು ನೋಡಿದೆ.

ಚಿತ್ರಗಳ ವಿಷಯ: ಒಂದರಲ್ಲಿ ಪೂರ್ತಿ ಬೂದುಬಣ್ಣ, ಕೆಳಗೆ 'ಬೆಳಗು' ಎಂದಿತ್ತು. ಇನ್ನೊಂದರಲ್ಲೂ ಪೂರ್ತಿ ಬೂದುಬಣ್ಣ, ಕೆಳಗೆ 'ಸಂಜೆ' ಎಂದಿತ್ತು. ಆ ಊರಿನ ಹವೆಯಲ್ಲಿ ಒಂದು ತಿಂಗಳು ಕಳೆದಿದ್ದ ನನಗೆ ಎರಡೂ ವಾಸ್ತವವಾಗಿಯೇ ಕಂಡವು.

ಹಿಂತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ಮುದುಕ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದಾನೆ. ಅವನ ಹಿಂದೆ ಅವನ ಹೆಂಡತಿ ಒಂಟಿ ಕಾಲಲ್ಲಿ ನಿಂತು ಅವನ ಹೆಗಲು ಹಿಡಿದುಕೊಂಡಿದ್ದಾಳೆ. ಅವರ ಹಿಂದೆ ಇಬ್ಬರು ಕಾಲೇಜಿನ ಹುಡುಗಿಯರು. ಇಂಗ್ಲಿಷರ ಒಂದು ಗುಣ ನಾನು ಅಷ್ಟರಲ್ಲೇ ಗಮನಿಸಿದ್ದೆ: ಎಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೋ ಅಲ್ಲಿ ಹಿಂದೆ ಹೋಗಿ ನಿಲ್ಲುತ್ತಾರೆ, ಏನು ಸಿಗುತ್ತದೆ ಎಂದು ಆಮೇಲೆ ವಿಚಾರಿಸುತ್ತಾರೆ. ನನ್ನ ಬೂಟುಗಳನ್ನು ನೋಡಿ ಇಲ್ಲಿ ಹೀಗೆ ನಿಯಮವಿರಬೇಕೆಂದು ತಿಳಿದರು. ಕೇಳುವುದು ಅವರಲ್ಲಿ ಸಭ್ಯತೆಯಲ್ಲ. ಮೊದಲೇ ಒಳಗಿದ್ದವರು ತಾವು ತಪ್ಪು ಮಾಡಿದೆವೆಂದು ಕೆಂಪಗಾಗಿ, ಹೊರಗೆ ಹೋಗಿ ಬೂಟು ಬಿಟ್ಟು ಮತ್ತೆ ಒಳಗೆ ಬಂದರು. ಒಬ್ಬನ ಕಾಲ್ಚೀಲದಲ್ಲಿ ಹೆಬ್ಬೆರಳು ಹೊರಗಿತ್ತು. ಎಲ್ಲರೂ ಇನ್ನಷ್ಟು ಶ್ರದ್ಧೆಯಿಂದ ಚಿತ್ರಗಳನ್ನು ನೋಡಿದರು.

ಗ್ಯಾಲರಿಯನ್ನು ನೋಡಿಕೊಳ್ಳುತ್ತಿದ್ದ ಮಿಸ್ ಬ್ರೂಕ್ ಊಟ ಮುಗಿಸಿ ಬಂದಾಗ ಬಾಗಿಲ ಹೊರಗೆ ಎರಡು ಸಾಲು ಬೂಟುಗಳಿದ್ದವು. ಆಕೆ ತೆಳ್ಳನೆಯ, ಚುರುಕು ಹೆಂಗಸು. ಒಳಗೆ ಬಂದು ಎಲ್ಲರ ಕಾಲುಗಳನ್ನು ನೋಡಿ, ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: "ಕೌನ್ಸಿಲಿನವರು ಹೊಸ ನಿಯಮ ಮಾಡಿದ್ದಾರೆಯೇ? ನನಗೆ ಯಾರೂ ತಿಳಿಸಲಿಲ್ಲ."

ನನಗೆ ಗೊತ್ತಿಲ್ಲ ಎಂದೆ. ಅದು ನಿಜವೂ ಆಗಿತ್ತು.

ಅವಳ ಜೊತೆ ಮಾತಾಡಿದಾಗ ತಿಳಿದದ್ದು: ಈ ಕಟ್ಟಡವನ್ನು ಹುಲ್ಲು ಕತ್ತರಿಸುವ ಯಂತ್ರಗಳನ್ನು ಇಡಲು ಕೊಡಬೇಕೆಂದು ಊರಿನ ಕೌನ್ಸಿಲಿನಲ್ಲಿ ಒಂದು ಗುಂಪು ಹಟ ಹಿಡಿದಿತ್ತು. ಅವರೂ ಆಕೆಯನ್ನು ಕೇಳಿದ್ದು ಅದೇ: ಹಿಂದೆ ಎಲ್ಲಾದರೂ ಹೀಗೆ ಮಾಡಿದ್ದಾರೆಯೇ? ಆಕೆ ಪಕ್ಕದ ಊರಿನಲ್ಲಿ ಕುದುರೆ ಲಾಯವೊಂದು ಮ್ಯೂಸಿಯಂ ಆದದ್ದನ್ನು ತೋರಿಸಿ ಗೆದ್ದಿದ್ದಳು. ನಾನು ಶ್ರೀಕಂಠಯ್ಯನವರ ಬಗ್ಗೆ ಹೇಳಿದೆ. "ಓ, ನಿಮ್ಮಲ್ಲೂ ಒಬ್ಬರಿದ್ದಾರೆಯೇ?" ಎಂದು ಆಕೆ ಮೊದಲ ಸಲ ನಕ್ಕಳು.

ಸೋಮವಾರ

ನಾನು ಕೂರುತ್ತಿದ್ದ ಪತ್ರಿಕೆಯ ಫೋಟೋಗ್ರಾಫರ್ ಕೆನ್ ಎಂಬುವನು ಅದೇ ಶನಿವಾರ ಸಂಜೆ ಚಿತ್ರಪ್ರದರ್ಶನದ ಫೋಟೋ ತೆಗೆಯಲು ಹೋಗಿದ್ದ. ಜನ ಇನ್ನೂ ಬೂಟು ಬಿಡುತ್ತಲೇ ಇದ್ದರು. ಅವನು ಒಳಗೆ ಹೋಗಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಒಂದೊಂದು ಚಿತ್ರದ ಗಾಜಿನ ಮೇಲೂ ಒಂದೊಂದು ಸೂರ್ಯ ಹುಟ್ಟಿತ್ತು, ಚಿತ್ರ ಕಾಣುತ್ತಿರಲಿಲ್ಲ. ಸರಿಯಾಗಿ ಬಂದದ್ದು ಒಂದೇ. ಬಾಗಿಲ ಹೊರಗೆ ಮಂಡಿಯೂರಿ ಕೂತು ತೆಗೆದದ್ದು: ಮುಂದೆ ಬೂಟುಗಳ ಸಾಲು, ಕಮಾನಿನ ಬಾಗಿಲು, ಒಳಗಿನ ಕತ್ತಲಲ್ಲಿ ಬೆನ್ನು ತೋರಿಸಿ ನಿಂತ ಜನ, ಅವರ ನಡುವೆ ಮಿನುಗುವ ಒಂದು ಹಿತ್ತಾಳೆಯ ಚುಕ್ಕೆ. ಅಷ್ಟು ಕೆಳಗಿನಿಂದ ತೆಗೆದದ್ದರಿಂದ ನೆತ್ತಿಯ ಮೇಲಿನ ಬೋರ್ಡು ಚೌಕಟ್ಟಿನ ಹೊರಗೆ ಉಳಿದಿತ್ತು.

"ಬೋರ್ಡು ಬಿಟ್ಟುಹೋಯಿತಲ್ಲ," ಎಂದೆ.

"ಬೋರ್ಡು ಸುದ್ದಿಯಲ್ಲ," ಎಂದ ಕೆನ್. "ಬೂಟು ಸುದ್ದಿ."

ಅದರ ಮೇಲೆ ನಾನು ವಾದ ಮಾಡುವಂತಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಬೋರ್ಡು ಕತ್ತರಿಸುತ್ತಿದ್ದೆ. ಸೋಮವಾರ ಅದು ಮೂರನೆಯ ಪುಟದಲ್ಲಿ ಬಂತು. ಮುಂದಿನ ಶನಿವಾರ ಗ್ಯಾಲರಿಗೆ ಬಂದವರ ಸಾಲು ಕಾರಂಜಿಯವರೆಗೆ ಇತ್ತು. ನೆಲಕ್ಕೆ ಗೀರು ಬೀಳುವುದು ನಿಂತಿದ್ದರಿಂದ ಮಿಸ್ ಬ್ರೂಕ್ ಪದ್ಧತಿಯನ್ನು ಮುಂದುವರಿಸಿದಳು.

ಮತ್ತೊಂದು ಫೋಟೋ ತೆಗೆಸಬೇಕೆಂದು ನಾನು ಎರಡು ಸಲ ಹೋದೆ. ಒಂದು ಸಲ ಮಂಜು ಕವಿದು ಪಾರ್ಕೇ ಸಿಗಲಿಲ್ಲ. ಇನ್ನೊಂದು ಸಲ ಕೆನ್ ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದ. ಕೊನೆಗೆ ಮಿಸ್ ಬ್ರೂಕ್ ಬೂಟಿನ ಫೋಟೋದ ದೊಡ್ಡ ಪ್ರತಿಯೊಂದನ್ನೇ ರಟ್ಟಿಗೆ ಅಂಟಿಸಿ ಕೊಟ್ಟಳು. "ನಿಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ನನ್ನ ಶುಭಾಶಯ," ಎಂದಳು. "ಗೆದ್ದರೆ ತಿಳಿಸಿ."

ಮತ್ತೆ ಜಯನಗರ

ಡಿಸೆಂಬರಿನಲ್ಲಿ ಸಂಘದ ಸಭೆ ಶ್ರೀಕಂಠಯ್ಯನವರ ವರಾಂಡದಲ್ಲಿ ಸೇರಿತು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಕೆಳಗೆ ಒಂದು ಸುರುಳಿ ಇಟ್ಟುಕೊಂಡಿದ್ದರು: ಜಿರಲೆ ಮುಟ್ಟದ ಚಿತ್ರಗಳಂತೆ. ಎಲ್ಲರಿಗೂ ಕಾಫಿ ಬಂತು. ನಾನು ಎದ್ದು ನಿಂತು, ಇಂಥ ದೇಶ, ಇಂಥ ಊರು, ಪಾರ್ಕಿನ ಪಂಪ್‌ಹೌಸು, ಈಗ ಚಿತ್ರಶಾಲೆ ಎಂದು ವರದಿ ಮಾಡಿ ಫೋಟೋವನ್ನು ಅಧ್ಯಕ್ಷರ ಕೈಗೆ ಕೊಟ್ಟೆ.

"ಪ್ರಿಸಿಡೆಂಟ್ ತಂದ್ರಲ್ಲ! ಭೇಷ್," ಎಂದು ಶ್ರೀಕಂಠಯ್ಯನವರು ಕನ್ನಡಕ ಏರಿಸಿದರು. ನೋಡಿದರು. ಕೈ ಉದ್ದ ಮಾಡಿ ದೂರದಿಂದ ನೋಡಿದರು. ಪಕ್ಕದವರಿಗೆ ದಾಟಿಸಿದರು. ಫೋಟೋ ವರಾಂಡ ಸುತ್ತಿ ಮುನಿಯಪ್ಪನವರ ಹತ್ತಿರ ಬಂದು ನಿಂತಿತು. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಆಡಿಸಿದರು.

"ಸಾರ್, ಇವೆಲ್ಲ ಬೂಟಲ್ವಾ?"

"ಹೌದು."

"ಒಳಗೆ ಎಲ್ರೂ ಬರಿಗಾಲಲ್ಲಿ ನಿಂತವ್ರೆ."

"ಕಾಲ್ಚೀಲ ಇದೆ."

"ಇರ್ಲಿ, ಚಳಿ ದೇಶ. ಕೈ ಮುಂದೆ ಕಟ್ಕೊಂಡವ್ರೆ, ತಲೆ ಬಗ್ಸವ್ರೆ. ಮಧ್ಯದಲ್ಲಿ ದೀಪ ಉರೀತೈತೆ."

"ದೀಪ ಅಲ್ಲ, ಅದು ಪಂಪಿನ ಮೀಟರು," ಎಂದೆ.

"ಸ್ವಾಮಿ, ಅದು ಚಿತ್ರದ ಮನೆ," ಎಂದರು ಮೇಷ್ಟ್ರು. ಅವರ ಧ್ವನಿ ಸ್ವಲ್ಪ ಏರಿತ್ತು. "ಗೋಡೆ ತುಂಬ ಚಿತ್ರ ಇವೆ."

"ಇರ್ಲಿ ಮೇಷ್ಟ್ರೇ, ನಾನೇನ್ ಇಲ್ಲ ಅಂದ್ನಾ? ಯಾವ ದೇವ್ರ ಚಿತ್ರ ಅಂತ ಕೇಳ್ತಿದೀನಿ."

ಯಾರೋ ನಕ್ಕರು. ಮುನಿಯಪ್ಪನವರು ನಗಲಿಲ್ಲ. ನನ್ನ ಕಡೆ ತಿರುಗಿದರು.

"ಪೇಪರ್ ಸ್ವಾಮಿಗಳೇ, ನೀವು ಸುಳ್ಳು ಹೇಳೋರಲ್ಲ. ಮೊದಲು ಬೂಟು ಬಿಟ್ಟೋರು ಯಾರು?"

"ನಾನು."

"ನೀವಾ! ಯಾರಾದ್ರೂ ಬಿಡಿ ಅಂದ್ರಾ?"

"ಇಲ್ಲ."

"ಕೆಸರಾಗಿತ್ತಾ?"

"ಅವತ್ತು ಮಳೆ ಇರಲಿಲ್ಲ."

"ಮತ್ತೆ ಯಾಕ್ ಬಿಟ್ರಿ?"

ಅಭ್ಯಾಸ ಎಂದೆ.

"ಯಾವ ಅಭ್ಯಾಸ ಸ್ವಾಮಿ? ಆಫೀಸ್ಗೆ ಹೋಗೋವಾಗ ಬಿಡ್ತೀರಾ? ಪೋಸ್ಟಾಫೀಸಲ್ಲಿ? ಸಿನಿಮಾ ಟಾಕೀಸಲ್ಲಿ?"

"ಇಲ್ಲ."

"ಒಳಗೆ ಹೋಗಿ ಏನ್ ಮಾಡಿದ್ರಿ?"

"ಪಂಪನ್ನು ಒಂದು ಸುತ್ತು ಬಂದೆ."

"ಬಲಕ್ಕಿಟ್ಕೊಂಡ್ರೋ, ಎಡಕ್ಕಿಟ್ಕೊಂಡ್ರೋ?"

ನಾನು ನೆನಪು ಮಾಡಿಕೊಂಡೆ. "ಬಲಕ್ಕೆ."

"ನೋಡಿ ಮತ್ತೆ," ಎಂದು ಮುನಿಯಪ್ಪನವರು ಫೋಟೋವನ್ನು ಅಧ್ಯಕ್ಷರಿಗೆ ಹಿಂತಿರುಗಿಸಿದರು. "ನಮ್ಮ ತಾತ ತೋಡಿಸಿದ ಬಾವಿ. ಗಂಗಮ್ಮ ಇದ್ದ ಜಾಗ. ಪರದೇಶದೋರ್ಗೇ ಗೊತ್ತಾಗೈತೆ, ನಮ್ಗೆ ಗೊತ್ತಾಗಲ್ವಾ? ಒಂದು ಗಣಪತಿ ಇಡಾಣ."

ಶ್ರೀಕಂಠಯ್ಯನವರು ಕನ್ನಡಕ ತೆಗೆದು ಒರೆಸಿದರು. "ಮೇಷ್ಟ್ರೇ, ನಾನು ಕೇಳಿದ್ದು ಪ್ರಿಸಿಡೆಂಟು. ನಮ್ಮ ಪೇಪರ್ ರಾಯರು ತಂದಿದ್ದಾರೆ. ಪ್ರಿಸಿಡೆಂಟ್ ಸ್ಪಷ್ಟವಾಗಿದೆ. ನಾನೇನ್ರೀ ಮಾಡ್ಲಿ?"

ಗಣಪತಿಯ ಪರವಾಗಿ ಎಲ್ಲರೂ ಕೈ ಎತ್ತಿದರು, ಮೇಷ್ಟ್ರು ಮತ್ತು ನಾನು ಬಿಟ್ಟು. ಗಣಪತಿಗೆ ವಿರುದ್ಧ ಯಾರು ಎಂದು ಅಧ್ಯಕ್ಷರು ಕೇಳಿದಾಗ ನಾವೂ ಎತ್ತಲಿಲ್ಲ. ಜಯನಗರದಲ್ಲಿ ಮನೆ ಮಾಡಿಕೊಂಡಿರುವವರು ಗಣಪತಿಗೆ ವಿರುದ್ಧ ಎಂದು ನಡಾವಳಿಯಲ್ಲಿ ಬರೆಸಿಕೊಳ್ಳುವುದಿಲ್ಲ.

ಮೇಷ್ಟ್ರು ಸುರುಳಿಯನ್ನು ಬಿಚ್ಚದೆಯೇ ಎತ್ತಿಕೊಂಡರು. ನಾವಿಬ್ಬರೂ ಮನೆಯ ಕಡೆ ನಡೆದೆವು. ಪಾರ್ಕಿನ ಬೇಲಿಯ ಹತ್ತಿರ ಅವರು ನಿಂತರು. ಪಂಪ್‌ಹೌಸನ್ನು ನೋಡುತ್ತ ಬಹಳ ಹೊತ್ತು ನಿಂತರು.

"ಗಣಪತಿಗೆ ಎಷ್ಟು ಜಾಗ ಬೇಕು ಸ್ವಾಮಿ?" ಎಂದು ಕೇಳಿದರು.

"ಒಂದು ಗೂಡು."

"ಉಳಿದದ್ದು ಗೋಡೆ ತಾನೇ?"

ಮಾರನೆಯ ಬೆಳಿಗ್ಗೆ ಅವರು ಮುನಿಯಪ್ಪನವರ ಮನೆಗೆ ಹೋದರು. ಗುಡಿಯ ಒಳಗೋಡೆಗಳಿಗೆ ಬರಿ ಸುಣ್ಣ ಬಳಿದರೆ ಲಕ್ಷಣವಲ್ಲ, ತಾವೇ ಚಿತ್ರ ಬರೆದುಕೊಡುವುದಾಗಿ ಹೇಳಿದರು.

"ಏನ್ ಬರೀತೀರಿ ಮೇಷ್ಟ್ರೇ?"

"ಕೈಲಾಸ."

"ಸಖತ್ತಾಯ್ತು ಬಿಡಿ," ಎಂದರಂತೆ ಮುನಿಯಪ್ಪನವರು.

ಕೈಲಾಸ

ಬೇಸಿಗೆ ರಜೆ ಪೂರ್ತಿ ಮೇಷ್ಟ್ರು ಪಂಪ್‌ಹೌಸಿನ ಒಳಗಿದ್ದರು. ಬಾಗಿಲಿಗೆ ಗೋಣಿತಾಟಿನ ಪರದೆ ಕಟ್ಟಿಕೊಂಡಿದ್ದರು. ಈ ಸಲ ಗೋಂದಿನ ಬಣ್ಣವಲ್ಲ, ಎಣ್ಣೆಯ ಬಣ್ಣ. "ಗೋಡೆ ತಿನ್ನೋ ಜಿರಲೆ ಇನ್ನೂ ಹುಟ್ಟಿಲ್ಲ," ಎಂದು ನನಗೆ ಹೇಳಿದರು.

೧೯೬೫ರ ಗಣಪತಿ ಹಬ್ಬಕ್ಕೆ ಪರದೆ ತೆಗೆದರು. ಉತ್ತರದ ಕಿಟಕಿಯ ಕೆಳಗೆ ಗೂಡಿನಲ್ಲಿ ಮೊಳ ಎತ್ತರದ ಕಲ್ಲಿನ ಗಣಪತಿ. ಉಳಿದ ಮೂರು ಗೋಡೆಗಳಲ್ಲಿ ಕೈಲಾಸ. ಆ ಕೈಲಾಸದಲ್ಲಿ ಹಿಮವಿಲ್ಲ. ಬಂಡೆಗಳಿವೆ, ಜಯನಗರದ ಸೈಟುಗಳಲ್ಲಿ ಸಿಡಿಮದ್ದಿಟ್ಟು ಒಡೆಯುತ್ತಿದ್ದ ಅಂಥವೇ ಬಂಡೆಗಳು. ಮಾನಸ ಸರೋವರದಲ್ಲಿ ಎಮ್ಮೆಗಳು ಮೂಗಿನವರೆಗೆ ಮುಳುಗಿವೆ. ಶಿವನ ಜಟೆಯಿಂದ ಗಂಗೆ ಬೀದಿ ನಲ್ಲಿಯಷ್ಟು ಸಣ್ಣದಾಗಿ ಬೀಳುತ್ತಿದ್ದಾಳೆ. ಕೆಳಗೆ ಹೆಂಗಸರು ಕೊಡ ಇಟ್ಟು ಸಾಲು ನಿಂತಿದ್ದಾರೆ, ಇಬ್ಬರು ಜಗಳಕ್ಕೆ ಬಿದ್ದಿದ್ದಾರೆ. ನಂದಿಯ ಪಕ್ಕದಲ್ಲಿ ಒಂದು ಸೈಕಲ್ಲು ಒರಗಿದೆ.

ಮುನಿಯಪ್ಪನವರು ಮೂರೂ ಗೋಡೆಗಳನ್ನು ನೋಡಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡರು. ಒಂದು ಮೂಲೆಯಲ್ಲಿ ನಿಂತುಬಿಟ್ಟರು. ಅಲ್ಲಿ ಒಬ್ಬ ಮುದುಕ ಬಾವಿ ತೋಡುತ್ತಿದ್ದ.

"ಇದ್ಯಾರು ಮೇಷ್ಟ್ರೇ?"

"ಭಗೀರಥ."

"ಭಗೀರಥ ಪೇಟ ಕಟ್ತಿದ್ನಾ?"

"ಬೆಂಗಳೂರಲ್ಲಿದ್ದಾಗ ಕಟ್ತಿದ್ದ."

ಅವತ್ತಿನಿಂದ ಗುಡಿಯ ಎಣ್ಣೆಯ ಖರ್ಚು ಮುನಿಯಪ್ಪನವರದು.

ಕಷ್ಟಕ್ಕೆ ಸಿಕ್ಕಿಕೊಂಡವರು ಅರ್ಚಕರು. ಬಸವನಗುಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಚಿಕ್ಕ ವಯಸ್ಸಿನವರು. ಒಂದು ಸಂಕಷ್ಟಿಯ ಸಂಜೆ ನನ್ನನ್ನು ಕಂಡು ದೂರು ಹೇಳಿದರು.

"ಪೇಪರಲ್ಲಿ ಏನಾದ್ರೂ ಬರೀರಿ ಸಾರ್. ಪ್ರದಕ್ಷಿಣೆಗೆ ಅಂತ ಹೊರಡ್ತಾರೆ, ಅರ್ಧಕ್ಕೆ ನಿಂತ್ಬಿಡ್ತಾರೆ. ಮಂಗಳಾರತಿ ತಗೊಳ್ರೀ ಅಂದ್ರೂ ತಿರುಗಲ್ಲ. 'ಇದು ನಮ್ಮ ಕಮಲಮ್ಮ ಅಲ್ವೇನೇ, ಕೊಡ ಹಿಡ್ಕೊಂಡಿರೋದು?' ಅಂತ ಒಬ್ರು. 'ಈ ಎಮ್ಮೆ ಚಿಕ್ಕಲಸಂದ್ರದ್ದು, ಕೊಂಬು ನೋಡು' ಅಂತ ಇನ್ನೊಬ್ರು. ದೇವರಿಗೆ ಬೆನ್ನು ಹಾಕಿ ನಿಲ್ತಾರೆ ಸಾರ್!"

ಮೇಷ್ಟ್ರಿಗೆ ಈ ದೂರನ್ನು ನಾನು ಅದೇ ಮಾತುಗಳಲ್ಲಿ ತಲುಪಿಸಿದೆ. ಅವರು ಎಷ್ಟು ಜನ ಎಂದು ಕೇಳಲಿಲ್ಲ. "ಯಾವ ಗೋಡೆ ಮುಂದೆ?" ಎಂದು ಕೇಳಿದರು.

ಮಿಸ್ ಬ್ರೂಕ್‌ಗೆ ತಿಳಿಸುವುದು ಬಾಕಿಯಿತ್ತು. ನಮ್ಮ ಕಚೇರಿಯ ಫೋಟೋಗ್ರಾಫರನ್ನು ಒಂದು ಹಬ್ಬದ ದಿನ ಕರೆದುಕೊಂಡು ಹೋದೆ. ಗರ್ಭಗುಡಿಯೊಳಗೆ ಕ್ಯಾಮೆರಾ ತರಕೂಡದು ಎಂದು ಅರ್ಚಕರು ಅಡ್ಡ ನಿಂತರು. ಆದ್ದರಿಂದ ಅವನು ಹೊರಗಿನಿಂದಲೇ ತೆಗೆದ: ಮುಂದೆ ಚಪ್ಪಲಿಗಳ ಸಾಲು, ಕಮಾನಿನ ಬಾಗಿಲು, ಒಳಗೆ ಬೆನ್ನು ತೋರಿಸಿ ಗೋಡೆ ನೋಡುತ್ತ ನಿಂತ ಜನ. ಹಿಂದೆ 'ನಮ್ಮ ಪಂಪ್‌ಹೌಸ್, ಜಯನಗರ. ಚಿತ್ರಗಳು: ನಂಜುಂಡಯ್ಯ ಮೇಷ್ಟ್ರು' ಎಂದು ಇಂಗ್ಲಿಷಿನಲ್ಲಿ ಬರೆದು ಅಂಚೆಗೆ ಹಾಕಿದೆ. ಲಕೋಟೆಯಲ್ಲಿ ಬೇರೇನೂ ಇಡಲಿಲ್ಲ.

ಮೇಷ್ಟ್ರು ಮರುವರ್ಷ ನಿವೃತ್ತರಾದರು. ಗುಡಿಯಲ್ಲಿ ಎರಡು ಹೊತ್ತು ಪೂಜೆ ನಡೆಯುತ್ತಿದೆ. ಹೋದ ವರ್ಷ, ಅಂದರೆ ೧೯೬೭ರಲ್ಲಿ, ನಮ್ಮ ಕಚೇರಿಯ ಇನ್ನೊಬ್ಬ ಸಹೋದ್ಯೋಗಿ ಮಿತ್ರರು ಅದೇ ಇಂಗ್ಲಿಷ್ ಊರಿಗೆ ಹೋಗಿ ಬಂದರು. ಪಾರ್ಕಿನ ಪಂಪ್‌ಹೌಸಿಗೆ ಹೋದಾಗ ಬಾಗಿಲಲ್ಲಿ ಅವರ ಬೂಟು ಬಿಡಿಸಿದರಂತೆ. ಒಳಗೆ ಹಸಿರು ಪಂಪಿನ ಎದುರು ಗೋಡೆಯಲ್ಲಿ ನಾನು ಕಳಿಸಿದ ಫೋಟೋ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಅದರ ಕೆಳಗಿನ ಚೀಟಿಯನ್ನು ಅವರು ಬರೆದುಕೊಂಡು ಬಂದಿದ್ದಾರೆ: 'ನಂಜುಂಡಯ್ಯ ಆರ್ಟ್ ಗ್ಯಾಲರಿ, ಜಯನಗರ, ಬೆಂಗಳೂರು.'